ಹಿಂದಕ್ಕೆ ಒಂದು ಹೆಜ್ಜೆ

ಗೋವರ್ಧನನ ಬಾಳನ್ನು ಕೆಡಿಸಿದ್ದು ಒಂದು ಸೊನ್ನೆ.

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯ ಕಾಲೇಜೊಂದರಲ್ಲಿ ಅವನು ಹದಿನೇಳು ವರ್ಷಗಳಿಂದ ಅತಿಥಿ ಉಪನ್ಯಾಸಕ. ಇಷ್ಟು ದೀರ್ಘಕಾಲ ಅತಿಥಿಯಾಗಿಯೇ ಉಳಿದವರು ಆ ಊರಿನಲ್ಲಿ ಮತ್ತಾರೂ ಇರಲಿಲ್ಲ. ಅಂದು ಸಂಜೆ ಐದರೊಳಗೆ ಅವನ ಸಂಶೋಧನೆಯ ಫಲಿತಾಂಶ ಪ್ರಿನ್ಸಿಪಾಲ್ ಶಿವಕುಮಾರಪ್ಪನವರ ಕೈಸೇರಿದರೆ ಮರುನೇಮಕ, ಇಲ್ಲವಾದರೆ ಇಲ್ಲ.

ಅವನು ರಚಿಸಿದ್ದ ತಂತ್ರಾಂಶ ಬೇರೊಂದು ಪ್ರೋಗ್ರಾಮನ್ನು ಓಡಿಸದೆ, ಬರಿದೇ ಓದಿ, ಅದು ಎಲ್ಲಿ ಎಡವೀತೆಂದು ಹೇಳುತ್ತಿತ್ತು. ಮಡಿಲು ತುಂಬಿದ ರವಿಕೆ ಕಣ ಮನೆಯಿಂದ ಮನೆಗೆ ಸುತ್ತುವಂತೆ ಆ ಪ್ರೋಗ್ರಾಮಿನಲ್ಲಿ ಫಂಕ್ಷನ್ನುಗಳೆಂಬ ಸೂಚನೆಗಳ ಕಟ್ಟುಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಯಾವುದು ಎಲ್ಲಿಂದ ಬಂತೆಂದು ತಿಳಿಯಲು ಎಷ್ಟು ಹೆಜ್ಜೆ ಹಿಂತಿರುಗಿ ನೋಡಬೇಕು ಎಂದು ತಂತ್ರಾಂಶ ಕೇಳುವ ಜಾಗದಲ್ಲಿ ಗೋವರ್ಧನ ಸೊನ್ನೆ ಬರೆದಿದ್ದ. ಸೊನ್ನೆಯಾದರೆ ಆರು ಗಂಟೆಯ ಕೆಲಸ. ಒಂದೇ ಹೆಜ್ಜೆ ಹಿಂದೆ ನೋಡಿದರೂ ಕಾಲ ದುಪ್ಪಟ್ಟಿನ ಮೇಲೆ ದುಪ್ಪಟ್ಟಾಗಿ, ಯಾರ ಆಯಸ್ಸಿನಲ್ಲಿಯೂ ಮುಗಿಯದೆಂಬುದೇ ಅವನ ಪ್ರಬಂಧದ ಸಾರ.

ಬೆಳಿಗ್ಗೆ ಹತ್ತಕ್ಕೆ, ಗುಂಡಿ ಒತ್ತಲು ಲ್ಯಾಬಿನ ಅಟೆಂಡರ್ ಮುರುಗೇಶಪ್ಪನಿಗೆ ಹೇಳಿ ಪಾಠಕ್ಕೆ ಹೋದ. ಮೂರಕ್ಕೆ ಬಂದು ನೋಡಿದರೆ ಪರದೆಯ ಹಸಿರು ಪಟ್ಟಿ ಎಳ್ಳಷ್ಟೂ ಮುಂದೆ ಸರಿದಿರಲಿಲ್ಲ.

"ಮುರುಗೇಶಪ್ಪ, ಏನಾದ್ರೂ ಮುಟ್ಟಿದ್ರಾ?"

"ಸೊನ್ನೆ ಇತ್ತು ಸರ್. ಶುಭಕಾರ್ಯಕ್ಕೆ ಯಾರಾದ್ರೂ ಸೊನ್ನೆ ಇಡ್ತಾರೇನ್ರಿ? ಮದುವೆ ಮುಯ್ಯಿಗೇ ನೂರಾ ಒಂದು ಬರೀತೀವಿ. ಅದಕ್ಕೇ ಒಂದು ಮಾಡ್ದೆ."

"ಇನ್ನು ಇದು ಮುಗೀಬೇಕಾದ್ರೆ ಸೂರ್ಯ ತಣ್ಣಗಾಗ್ಬೇಕು."

"ಸಂಜಿಗೆ ತಣ್ಣಗಾಗ್ತಾನೆ ಬಿಡ್ರಿ ಸರ್. ಕಾಯಾಣ."

ಮತ್ತೆ ಮೊದಲಿನಿಂದ ಆರಂಭಿಸಲು ಸಮಯವಿರಲಿಲ್ಲ. ಕಿಟಕಿಯಾಚೆ ಕೋಟೆಯ ಬಂಡೆಗಳ ಮೇಲೆ ಬಿಸಿಲು ಹಳೆಯ ಪತ್ರದಂತೆ ಹಳದಿಯಾಗುತ್ತಿತ್ತು.

ಐದಕ್ಕೆ ಪ್ರಿನ್ಸಿಪಾಲರು ತಾವೇ ಬಂದರು. ಬೇರೆ ದಾರಿ ಕಾಣದೆ ಗೋವರ್ಧನ ನಡೆದುದನ್ನೆಲ್ಲ ಹೇಳಿ, ಪ್ರಬಂಧದ ಕೊನೆಯ ಪುಟ ತೆರೆದಿಟ್ಟ. ಅವರು ಓದಿ, ಕನ್ನಡಕ ತೆಗೆದರು.

"ಒಂದು ಇಟ್ರೆ ಮುಗಿಯಂಗಿಲ್ಲ ಅಂತ ನೀವೇ ಬರ್ದೀರಿ."

"ಹೌದು ಸರ್."

"ಏಳು ತಾಸಾತು, ಮುಗಿದಿಲ್ಲ. ಅಂದ್ಮೇಲೆ ನೀವು ಬರ್ದಿದ್ದು ನಿಜಾನೇ ಐತೆ."

ಹದಿನೇಳು ವರ್ಷಗಳಲ್ಲಿ ಮೊದಲ ಬಾರಿಗೆ ಗೋವರ್ಧನನ ಬೆನ್ನು ನೆಟ್ಟಗಾಯಿತು. ಪ್ರಿನ್ಸಿಪಾಲರು ಅಲ್ಲಿಯೇ ಕುಳಿತು ಆದೇಶ ಬರೆದು, ಸಹಿ ಮಾಡಿ, ಕೈಕುಲುಕಿ ಹೊರಟರು. ಆದೇಶದಲ್ಲಿ ಹೀಗಿತ್ತು:

"ಸಂಶೋಧನೆ ಅತ್ಯಂತ ತೃಪ್ತಿಕರ. ಪ್ರಸ್ತುತ ಲ್ಯಾಬಿನ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ತಂತ್ರಾಂಶ ಪರೀಕ್ಷೆ ಪೂರ್ಣಗೊಂಡ ಮರುದಿನದಿಂದ ಮರುನೇಮಕ ಜಾರಿಗೆ ಬರುವುದು."

ಗೋವರ್ಧನ ಅದನ್ನು ಎರಡು ಸಲ ಓದಿ, ಹಸಿರು ಪಟ್ಟಿಯತ್ತ ನೋಡಿದ.

"ನೀವೇನೂ ಚಿಂತೆ ಮಾಡಬ್ಯಾಡ್ರಿ ಸರ್," ಎಂದ ಮುರುಗೇಶಪ್ಪ, "ಬ್ಯಾಟ್ರಿಗೆ ಹಾಕೀನಿ. ಕರೆಂಟ್ ಹೋದ್ರೂ ನಿಲ್ಲಂಗಿಲ್ಲ."