ಹುತ್ತದಜ್ಜನಿಗೊಂದು ಬಿಳಿ ಕೋಳಿ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಇಷ್ಟೇ: ಬೆಳಗ್ಗೆ ಏಳು ಗಂಟೆಗೆ ಯೋರಿಸ್‌ಗೆ ಅವಸರವಾಗಿ ಒಂದಕ್ಕೆ ಹೋಗಬೇಕಾಯಿತು. ಅದೇ ಹೊತ್ತಿಗೆ ಎಂಟು ವರ್ಷದ ಮಗಳು ತೆಸ್ಸಾ ಬಚ್ಚಲಿನ ಬಿದಿರು ತಟ್ಟಿಯನ್ನು ಒಳಗಿನಿಂದ ಕಟ್ಟಿಕೊಂಡು, ಹಾಡು ಹೇಳುತ್ತಾ ಮೀಯುತ್ತಿದ್ದಳು. ಆಚೆ ಬಾರೇ ಎಂದರೆ ಹಾಡು ಇನ್ನೂ ಜೋರಾಯಿತು. ಮನುಷ್ಯ ಎಷ್ಟು ಹೊತ್ತು ತಾನೇ ಕಾಲು ಬದಲಿಸುತ್ತಾ ನಿಂತಾನು? ಹಿತ್ತಲಿಗೆ ಓಡಿದ. ಬಾಳೆಗಿಡಗಳ ಮರೆಯಲ್ಲಿ ಸೊಂಟದೆತ್ತರದ ಹುತ್ತವೊಂದಿತ್ತು. ಅದರ ಮೇಲೆ ಧಾರಾಳವಾಗಿ ಬಿಟ್ಟು, ಆಕಾಶ ನೋಡಿ ಹಾಯ್ ಎಂದ.

“ಜೋ! ತಾಬಿ ಅಂದ್ಯೇನೋ?”

ಬೇಲಿಯಾಚೆ ಪೊರಕೆ ಹಿಡಿದು ನಿಂತಿದ್ದವಳು ಪಕ್ಕದ ಮನೆಯ ಪ್ರಿಮಿತಿವಾ. ಊರಿಗೆಲ್ಲ ಅವಳು ನಾಂಗ್, ಅಂದರೆ ಅಕ್ಕ. ಆ ಊರಿನವರಿಗೆ ಬಿಳಿ ತೊಗಲಿನ ಗಂಡಸರೆಲ್ಲ ಜೋ. ನನ್ನ ಹೆಸರು ಯೋರಿಸ್ ಎಂದು ತಿದ್ದಿ ತಿದ್ದಿ ಅವನು ಎರಡೇ ತಿಂಗಳಿಗೆ ಕೈಚೆಲ್ಲಿದ್ದ.

“ಯಾರಿಗೆ ಅನ್ಬೇಕಿತ್ತು ನಾಂಗ್? ಇಲ್ಲಿ ಯಾರೂ ಇಲ್ವಲ್ಲ.”

“ಯಾರೂ ಇಲ್ವಾ! ಒಳಗೆ ಅಜ್ಜ ಇದಾನಲ್ಲೋ! ಮೊಣಕಾಲೆತ್ತರ ಇದಾನೆ, ಸಿಟ್ಟು ಮಾತ್ರ ತೆಂಗಿನಮರದಷ್ಟು. ತಾಬಿ ಅಪೊ, ಸ್ವಲ್ಪ ಸರ್ಕೊಳ್ಳಿ ಅಜ್ಜಾ, ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ ಧಾಡಿ? ಮಲಗಿರೋ ಮುದುಕನ ತಲೆ ಮೇಲೆ ಬಿಸಿನೀರು ಹುಯ್ದಿದೀಯಲ್ಲ!” ಪ್ರಿಮಿತಿವಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ಇನ್ನು ಊದ್ಕೊಳ್ಳುತ್ತೆ, ನೋಡ್ತಿರು.”

“ಏನು ಊದ್ಕೊಳ್ಳುತ್ತೆ?”

ಅವಳು ಪೊರಕೆಯ ತುದಿಯಿಂದ ತೋರಿಸಿದಳು.

ಯೋರಿಸ್ ದೊಡ್ಡದಾಗಿ ನಕ್ಕ. ನಗು ಕಾಫಿ ಕುಡಿಯುವವರೆಗೂ ಉಳಿಯಲಿಲ್ಲ. ಅಂಗಳದ ಬೆಂಚಿನಲ್ಲಿ ಕೂತು ಮೊದಲ ಗುಟುಕು ಇಳಿಸಿದ್ದನಷ್ಟೇ, ಪೊರಕೆ ತೋರಿಸಿದ ಜಾಗದಲ್ಲಿ ಚುರ್ ಎಂದಿತು. ಎರಡನೇ ಗುಟುಕಿಗೆ ಕೆಂಡ ಇಟ್ಟಂತಾಯಿತು. ದೇವರೇ, ಶುರುವಾಗಿಬಿಟ್ಟಿತೇ?

ಕೂಗಿಕೊಳ್ಳೋಣವೆಂದರೆ ಕೂಗುವ ಹಾಗಿರಲಿಲ್ಲ. ಬೆಲ್ಜಿಯಂನಲ್ಲಿ ನಾಲ್ಕು ಗೋಡೆಯ ಮಧ್ಯೆ ಕೊಳೆತದ್ದು ಸಾಕು, ಬಯಲಲ್ಲಿ ಬದುಕೋಣ, ಬಯಲಲ್ಲಿ ಉಣ್ಣೋಣ ಎಂದು ಹೆಂಡತಿ ಮಗಳನ್ನು ಈ ದ್ವೀಪಕ್ಕೆ ಎಳೆದುಕೊಂಡು ಬಂದವನು ಅವನೇ. ಬಂದು ಎಂಟು ತಿಂಗಳು. ಈ ತೆಂಗಿನಗರಿಯ ಮನೆಯನ್ನು ಇನ್ನೂ ಐದು ವರ್ಷಕ್ಕೆ ಬಾಡಿಗೆಗೆ ಬರೆದುಕೊಡಲು ಮನೆಯೊಡತಿ ದೋನ್ಯಾ ಲೂಸಿಂಗ್ ಅಂದೇ ಸಂಜೆ ನಾಲ್ಕರ ದೋಣಿಗೆ ಬರುವವಳಿದ್ದಳು. ಮೊನ್ನೆ ಅಡುಗೆಮನೆಗೆ ಉಡ ನುಗ್ಗಿ, ಯೋರಿಸ್ ಮೇಜಿನ ಮೇಲೆ ಹತ್ತಿ ಕಿರುಚಿದ ಮೇಲೆ, ಹೆಂಡತಿ ಮಾರ್ಲೀಸ್ ಸೌಟು ತೋರಿಸಿ ಖಂಡತುಂಡವಾಗಿ ಹೇಳಿದ್ದಳು: “ಸಹಿ ಹಾಕೋಷ್ಟರಲ್ಲಿ ಈ ಮನೇಲಿ ಇನ್ನೊಂದು ಸಲ ಯಾರಾದ್ರೂ ಹೆದರಿ ಕಿರುಚಿದ್ರೆ ಮುಗೀತು. ನಾನು ಸಹಿ ಹಾಕಲ್ಲ. ಗಂಟುಮೂಟೆ ಕಟ್ಟೋದೇ.”

ವಾಪಸು ಹೋದರೆ? ನಾಲ್ಕು ದಿನಕ್ಕೆ ಹೆದರಿ ಓಡಿ ಬಂದನೆಂದು ಅಣ್ಣತಮ್ಮಂದಿರೆಲ್ಲ ಆಡಿಕೊಂಡು ನಗುತ್ತಾರೆ. ಮತ್ತೆ ಅದೇ ಕೆಲಸ, ಅದೇ ಮೇಜು, ಅದೇ ಮೋಡ. ಸಂಜೆಯವರೆಗೆ ಹಲ್ಲುಕಚ್ಚಿ ಧೈರ್ಯವಂತನಾಗಿರುವುದೊಂದೇ ದಾರಿ. ಯೋರಿಸ್ ಎದ್ದ. ಕಾಲು ಅಗಲಿಸಿಕೊಂಡು, ಬಾತುಕೋಳಿಯ ಹಾಗೆ ಸಮುದ್ರದ ಕಡೆ ಹೊರಟ.

“ಎಲ್ಲಿಗೆ?” ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿದ್ದ ಮಾರ್ಲೀಸ್ ಕೇಳಿದಳು.

“ಈಜೋಕೆ.”

“ನೀನಾ?”

ಅವಳು ಬೆರಗಾದದ್ದರಲ್ಲಿ ತಪ್ಪೇನಿಲ್ಲ. ಬಂದ ಹೊಸದರಲ್ಲಿ ಲೋಳೆಮೀನು ತೊಡೆಗೆ ಕುಟುಕಿದಾಗಿನಿಂದ ಅವನು ಹಿಮ್ಮಡಿ ಮುಳುಗುವಷ್ಟು ನೀರಿಗೂ ಇಳಿದವನಲ್ಲ. ಈಗ ನೋಡಿದರೆ ಸೊಂಟದವರೆಗೆ ಇಳಿದು ಒಂದು ಗಂಟೆ ಕಂಬದ ಹಾಗೆ ನಿಂತ. ನೀರಲ್ಲಿ ಏನೋ ಸವರಿ ಹೋದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ದಡದಲ್ಲಿ ಮಾರ್ಲೀಸ್ ಕಾಣುತ್ತಿದ್ದಳು. ಅವನು ಹಲ್ಲು ಕಿರಿದು ಕೈ ಬೀಸಿದ.

ಹಾಗೆ ನಿಂತಿದ್ದಾಗಲೇ ಅವನಿಗೆ ಥಟ್ಟನೆ ಹೊಳೆಯಿತು. ಬೆಳಗ್ಗೆ ಎದ್ದವನೇ ಒಣಮೀನಿಗೆ ನಂಚಿಕೊಳ್ಳಲೆಂದು ಹನ್ನೆರಡು ಗಾಂಧಾರಿ ಮೆಣಸಿನಕಾಯಿ ಕೈಯಲ್ಲೇ ಕಿವುಚಿ ವಿನೆಗರಿಗೆ ಹಾಕಿದ್ದ. ಆಮೇಲೆ ಕೈ ತೊಳೆದಿರಲಿಲ್ಲ. ತೊಳೆಯದ ಕೈಯಲ್ಲೇ ಹುತ್ತದ ಹತ್ತಿರ ಹೋಗಿದ್ದ! ಅಯ್ಯೋ ಪೆದ್ದೇ! ಅಜ್ಜನೂ ಇಲ್ಲ, ಗಿಜ್ಜನೂ ಇಲ್ಲ. ಹೋದ ಜೀವ ಬಂದಂತಾಗಿ ಅವನು ದಡಕ್ಕೆ ಬಂದು, ನೇರವಾಗಿ ಪ್ರಿಮಿತಿವಾಳ ಬೇಲಿಗೆ ಹೋಗಿ ವಿಜಯದಿಂದ ಹೇಳಿದ. ಅಲ್ಲಿ ಆಗಲೇ ಸಿಂಪ್ಲಿಸಿಯೊ ಬಂದು ಕೂತಿದ್ದ. ಊರಿನವರ ತಲೆ ಬೋಳಿಸುವವನೂ ಅವನೇ, ಕಣ್ಣಿಗೆ ಕಾಣದವರು ಕೊಟ್ಟ ರೋಗಗಳಿಗೆ ಮದ್ದು ಮಾಡುವವನೂ ಅವನೇ.

“ಮೆಣಸಿನಕಾಯಿ,” ಎಂದು ಸಿಂಪ್ಲಿಸಿಯೊ ತಲೆದೂಗಿದ. “ಸರಿ. ದಿನಾ ಕಿವುಚ್ತೀಯಾ?”

“ದಿನಾ.”

“ದಿನಾ ಕೈ ತೊಳೀತೀಯಾ?”

“ತೊಳೀತೀನಿ.”

“ಮತ್ತೆ ಇವತ್ತೊಂದೇ ದಿನ ಯಾಕಪ್ಪಾ ತೊಳೀಲಿಲ್ಲ?”

ಯೋರಿಸ್ ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಮರೆಸಿದ್ದು ಯಾರು?” ಪ್ರಿಮಿತಿವಾ ಕಣ್ಣರಳಿಸಿದಳು. “ಮಗಳನ್ನ ಅದೇ ಹೊತ್ತಿಗೆ ಬಚ್ಚಲಿಗೆ ಕಳ್ಸಿದ್ದು ಯಾರು? ಎಲ್ಲಾ ಅವನದೇ ಕರಾಮತ್ತು. ಬೆಂಕಿ ಮೊದಲು, ಊತ ಆಮೇಲೆ. ನಮ್ಮ ಸೋದರಮಾವನಿಗೆ ಹೀಗೇ ಆಗಿತ್ತು. ಸೂರ್ಯ ಮುಳುಗೋಷ್ಟರಲ್ಲಿ ಪಪಾಯ.”

“ಪಪಾಯ ತಿಂದ್ರಾ?”

“ತಿನ್ನಲಿಲ್ಲ,” ಎಂದಳು ಪ್ರಿಮಿತಿವಾ.

ಕಾಟ ಯಾರದೆಂದು ನೋಡಲು ಸಿಂಪ್ಲಿಸಿಯೊ ಬಟ್ಟಲಿನ ನೀರಿಗೆ ಮೇಣದಬತ್ತಿ ಕರಗಿಸಿ ತೊಟ್ಟಿಕ್ಕಿಸಿದ. ನೀರಲ್ಲಿ ಮೇಣ ಹೆಪ್ಪುಗಟ್ಟಿ, ಅಗಲ ಟೋಪಿ ಇಟ್ಟ ಕುಳ್ಳನೊಬ್ಬ ಕೂತ ಹಾಗೆ ಕಂಡಿತು. ಆರಂಭದಲ್ಲಿ ಯೋರಿಸ್‌ಗೆ ಅದು ಅಣಬೆಯ ಹಾಗೆ ಕಂಡಿತ್ತು. ಇಬ್ಬರೂ ಬೆರಳಿಟ್ಟು ತೋರಿಸಿದ ಮೇಲೆ ಟೋಪಿ ಬಿಟ್ಟು ಬೇರೇನೂ ಕಾಣಲಿಲ್ಲ.

“ತಪ್ಪುಕಾಣಿಕೆ ಕೊಡ್ಬೇಕು. ಬಿಳಿ ಕೋಳಿ ಒಂದು, ಉಪ್ಪಿಲ್ಲದ ಅನ್ನ, ಒಂದು ಲೋಟ ತೆಂಗಿನ ಸೇಂದಿ, ಮೂರು ಸಿಗರೇಟು. ಕೋಳಿ ನೀನೇ ಹಿಡೀಬೇಕು. ಅಂಗಿ ಒಳಗಿಂದು ಹೊರಗೆ ಮಾಡಿ ಹಾಕೋಬೇಕು. ಎಲ್ಲ ಇಟ್ಟು, ತಪ್ಪಾಯ್ತು ಅಂತ ಹೇಳಿ, ಬೆನ್ನು ತಿರುಗಿಸಿ ಬರಬೇಕು. ಹಿಂದಕ್ಕೆ ಮಾತ್ರ ನೋಡ್ಕೂಡದು.”

“ಇಂಗ್ಲಿಷಲ್ಲಿ ಹೇಳ್ಬಹುದಾ?”

“ನಿಂಗೇನು ತಲೆ ಕೆಟ್ಟಿದೆಯಾ ಜೋ? ನಾನೂರು ವರ್ಷದ ಮುದುಕ. ಅವನನ್ನ ಯಾವ ಸ್ಕೂಲಿಗೆ ಕಳ್ಸಿದ್ರು? ನಮ್ಮ ಬಿಸಾಯ ಭಾಷೇಲೇ ಹೇಳು.”

ಕೋಳಿ ಹಿಡಿಯುವ ಭಾಗವನ್ನು ವಿವರವಾಗಿ ಹೇಳಿ ಪ್ರಯೋಜನವಿಲ್ಲ. ಹುಂಜ ಕಂಡರೆ ರಸ್ತೆಯ ಆ ಬದಿಗೆ ಹೋಗುವ ಆಸಾಮಿ, ಪ್ರಿಮಿತಿವಾಳ ಅಂಗಳದಲ್ಲಿ ಆರು ಹುಂಜಗಳ ಮಧ್ಯೆ ನುಗ್ಗಿ, ಎರಡು ಸಲ ಬಿದ್ದು, ಮೊಣಕೈ ತರಚಿಕೊಂಡು, ಬಿಳಿ ಕೋಳಿಯೊಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಂದ. ಹೊರಬಂದರೆ ಎದುರಿಗೆ ಮಾರ್ಲೀಸ್ ಮತ್ತು ತೆಸ್ಸಾ.

“ಅಪ್ಪಾ, ಕೋಳಿ ನೀನೇ ಹಿಡಿದ್ಯಾ!”

“ಅದರಲ್ಲೇನಿದೆ ಪುಟ್ಟಾ,” ಎಂದ ಯೋರಿಸ್. “ಸುಮ್ನೆ, ಹೊತ್ತು ಹೋಗ್ಲಿ ಅಂತ.”

ಮಾರ್ಲೀಸ್ ಅವನನ್ನು ಮೇಲಿಂದ ಕೆಳಗೆ ನೋಡಿ, ಮಗಳ ಕೈ ಹಿಡಿದು ಮನೆಗೆ ಹೋದಳು. ಸಂಶಯ ಬಂತೇ?

ಎರಡೂವರೆಯ ಉರಿಬಿಸಿಲಲ್ಲಿ ಮೂವರೂ ಹಿತ್ತಲಿಗೆ ಬಂದರು. ಪ್ರಿಮಿತಿವಾ, ಸಿಂಪ್ಲಿಸಿಯೊ ಇಬ್ಬರೂ ಬಾಳೆಗಿಡದ ಈಚೆಗೇ ನಿಂತುಬಿಟ್ಟರು. ಮುಂದಕ್ಕೆ ಅವನೊಬ್ಬನೇ. ಗಾಳಿ ಇರಲಿಲ್ಲ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ತಿರುವುಮುರುವು ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೋಳಿಯನ್ನು ಕಟ್ಟಿ, ಬಾಳೆಲೆಯ ಮೇಲೆ ಅನ್ನ, ಪಕ್ಕದಲ್ಲಿ ಸೇಂದಿ, ಸಿಗರೇಟು ಇಟ್ಟು, ಅವನು ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದ. ಬೆನ್ನು ತಿರುಗಿಸಿದ. ಒಂದು ಹೆಜ್ಜೆ. ಎರಡು ಹೆಜ್ಜೆ. ಐದನೆಯ ಹೆಜ್ಜೆಗೆ ಹಿಂದೆ ಯಾರೋ ಕೆಮ್ಮಿದರು.

ಯೋರಿಸ್ ಗರಬಡಿದವನಂತೆ ನಿಂತ. ಎದುರಿಗೆ ಪ್ರಿಮಿತಿವಾ ಇದ್ದಾಳೆ. ಸಿಂಪ್ಲಿಸಿಯೊನೂ ಇದ್ದಾನೆ. ಹಾಗಾದರೆ ಕೆಮ್ಮಿದ್ದು ಯಾರು? ಮೂಗಿಗೆ ಘಮ್ಮೆಂದು ತಂಬಾಕಿನ ಹೊಗೆ ಬಡಿಯಿತು. ನೋಡಬಾರದು, ನೋಡಬಾರದು ಎಂದುಕೊಂಡು ನೋಡಿಯೇಬಿಟ್ಟ. ಹುತ್ತದ ಹಿಂದೆ, ಅದರ ನೆತ್ತಿಗಿಂತ ತುಸುವೇ ಮೇಲಕ್ಕೆ, ಅಗಲವಾದ ಹುಲ್ಲಿನ ಟೋಪಿಯ ಅಂಚು. ಅದರಡಿಯಿಂದ ಸುರುಳಿ ಸುರುಳಿ ಹೊಗೆ.

ಆಮೇಲೆ ಅವನ ಬಾಯಿಂದ ಹೊರಟ ಕೂಗು ಬಂದರಿನವರೆಗೂ ಕೇಳಿಸಿತಂತೆ. ಬೇಲಿ ಹಾರಿದನೋ ಮುರಿದನೋ ತಿಳಿಯದು, ಅಂಗಳಕ್ಕೆ ಬಂದು ಮಾರ್ಲೀಸಳ ಎರಡೂ ಕೈ ಹಿಡಿದುಕೊಂಡ.

“ಹೋಗೋಣ! ಇವತ್ತೇ, ನಾಲ್ಕರ ದೋಣಿಗೇ! ನಗೋರು ನಗಲಿ. ನಂಗೆ ಭಯ ಮಾರ್ಲೀಸ್! ಬಂದಾಗಿಂದ ಭಯ. ಸಮುದ್ರ ಭಯ, ಉಡ ಭಯ, ಹುಂಜ ಭಯ, ತೆಂಗಿನಕಾಯಿ ತಲೆ ಮೇಲೆ ಬೀಳುತ್ತೆ ಅಂತ ಭಯ. ಇಷ್ಟು ದಿನ ಬಾಯಿಬಿಡಲಿಲ್ಲ. ದಮ್ಮಯ್ಯ, ಮನೆಗೆ ಹೋಗೋಣ!”

ಮಾರ್ಲೀಸಳ ಮುಖ ಬಿಳಿಚಿಕೊಂಡಿತು.

“ಇದನ್ನ ಬೆಳಗ್ಗೆ ಹೇಳೋಕೆ ಏನಾಗಿತ್ತು?”

“ಯಾಕೆ?”

“ದೋನ್ಯಾ ಲೂಸಿಂಗ್ ಎರಡು ಗಂಟೆ ದೋಣಿಗೇ ಬಂದ್ಬಿಟ್ರು. ನಾನು ಸಹಿ ಹಾಕಾಯ್ತು. ಐದು ವರ್ಷಕ್ಕೆ. ಮಧ್ಯೆ ಬಿಡೋ ಹಾಗಿಲ್ಲ ಅಂತ ಬರ್ಸಿದಾರೆ.” ಅವಳು ಕೈ ಬಿಡಿಸಿಕೊಂಡಳು. “ನಂಗೇನು ಭಯವೋ? ಈ ಜಾಗ ಬಿಟ್ಟು ಹೋಗೋಕೆ ನಂಗೂ ಮಗೂಗೂ ಒಂಚೂರೂ ಮನಸ್ಸಿರಲಿಲ್ಲ. ದಿನಾ ನೀನು ಕಿರುಚೋದು ನೋಡಿ ಪಾಪ ಅನ್ನಿಸ್ತಿತ್ತು. ನಿನಗೋಸ್ಕರ ವಾಪಸು ಹೋಗೋಣ ಅಂತಿದ್ದೆ. ಇವತ್ತು ನೋಡಿದ್ರೆ ಸಮುದ್ರಕ್ಕೆ ಇಳ್ದೆ, ನಗ್ತಾ ಕೈ ಬೀಸ್ದೆ, ಹುಂಜಗಳ ಮಧ್ಯೆ ನುಗ್ದೆ. ಅಬ್ಬಾ, ಭಯ ಬಿಟ್ಟೋಯ್ತು ನನ್ನ ಗಂಡನಿಗೆ ಅಂತ ಖುಷಿಯಾಗಿ ಸಹಿ ಹಾಕ್ದೆ.”

ಯೋರಿಸ್ ಬೆಂಚಿನ ಮೇಲೆ ಕುಸಿದ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಎಪ್ಪತ್ತರ ಮುದುಕಿ ದೋನ್ಯಾ ಲೂಸಿಂಗ್ ಬಂದಳು. ನಾಲ್ಕೂವರೆ ಅಡಿಯ ಹೆಂಗಸು. ತಲೆಯ ಮೇಲೆ ಅಗಲವಾದ ಹುಲ್ಲಿನ ಟೋಪಿ, ಬೆರಳ ಸಂದಿಯಲ್ಲಿ ಸಿಗರೇಟು.

“ಬೇಲಿ ಗಡಿ ನೋಡೋಕೆ ಹೋಗಿದ್ದೆ ಜೋ. ಯಾರೋ ಒಳ್ಳೇ ಸಿಗರೇಟು ಇಟ್ಟಿದ್ರು, ಹಾಳಾಗೋದು ಬೇಡ ಅಂತ ಅಲ್ಲೇ ಕೂತು ಒಂದು ಸೇದಿದೆ. ಯಾಕಪ್ಪಾ ಹಾಗೆ ಕೂಗಿಕೊಂಡು ಓಡಿದೆ?”

ಯೋರಿಸ್ ಅವಳ ಟೋಪಿ ನೋಡಿದ. ಸಿಗರೇಟು ನೋಡಿದ. ಎದೆಯೊಳಗಿದ್ದ ಕಲ್ಲೊಂದು ದಢಕ್ಕನೆ ಇಳಿದುಹೋಗಿ, ಅಳುವೂ ನಗುವೂ ಒಟ್ಟಿಗೇ ಬಂದವು. ಅಜ್ಜನಲ್ಲ, ಅಜ್ಜಿ! ಐದು ವರ್ಷ ತಾನೇ? ಇದ್ದರಾಯಿತು. ಹೇಗೋ ರೂಢಿಯಾಗುತ್ತದೆ ಎಂದುಕೊಂಡು ಅವನು ಹಣೆಯ ಬೆವರು ಒರೆಸಿಕೊಂಡ.

ದೋನ್ಯಾ ಲೂಸಿಂಗ್ ಅವನ ಪಕ್ಕದಲ್ಲಿ ಕೂತು ಹೊಗೆ ಬಿಟ್ಟಳು.

“ಅಂದಹಾಗೆ, ನಿಮ್ಮನೇಗೆ ನೆಂಟರು ಬಂದಿದಾರಾ? ಹುತ್ತದ ಹಿಂದೆ ಒಬ್ಬ ಕುಳ್ಳ ಅಜ್ಜ ಕೂತಿದ್ನಲ್ಲ. ನನ್ನ ಹತ್ರ ಬೆಂಕಿಕಡ್ಡಿ ಇರಲಿಲ್ಲ, ಪಾಪ, ಅವನೇ ಹಚ್ಚಿಕೊಟ್ಟ. ಈ ಮನೆಯವರು ಇನ್ನೆಷ್ಟು ದಿನ ಇರ್ತಾರೆ ಅಂತ ಕೇಳ್ದ. ಐದು ವರ್ಷ ಎಲ್ಲೂ ಹೋಗೋ ಹಾಗಿಲ್ಲ ಅಂದೆ. ಬಹಳ ಖುಷಿಪಟ್ಟ.”