ವೀಲ್ ಕ್ಯಾಪ್‌ಗಳಿಗೆ ಸೌನಾ ಸ್ನಾನ

"ಈ ಗಾಡಿಗೆ ನಾನು ಕೈ ಹಾಕಿದೆ ಅಂದ್ರೆ ಮುಗೀತು!" ಎಂದು ರೈಮೊ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ.

"ನನ್ನ ಭಯಾನೂ ಅದೇ," ಎಂದಳು ಹೆಂಡತಿ ಕೈಸು, ಚೆಲ್ಲಿದ ಕಾಫಿ ಒರೆಸುತ್ತ.

"ನೋಡ್ತಾ ಇರು! ಗ್ಯಾರೇಜಿನವನಿಗೆ ಒಂದು ಸೆಂಟೂ ಕೊಡಲ್ಲ. ಹೊಸ ಸಾಮಾನು ಒಂದೂ ತರಲ್ಲ. ಮನೇಲಿರೋದರಲ್ಲೇ ಇದನ್ನ ಅರಮನೆ ರಥ ಮಾಡ್ತೀನಿ!"

"ರಥ ಬೇಡ ಕಣೋ. ತಪಾಸಣೇಲಿ ಪಾಸಾದರೆ ಸಾಕು."

ಈ ಮಾತು ನಡೆದದ್ದು ಫಿನ್ಲೆಂಡಿನ ಸಾವೊ ಸೀಮೆಯ ಒಂದು ಕೆರೆದಂಡೆಯ ಮನೆಯಲ್ಲಿ, ಹಿಮ ಕರಗಿ ರಸ್ತೆಯೆಲ್ಲ ರಾಡಿಯಾಗಿದ್ದ ದಿನಗಳಲ್ಲಿ. ಚರ್ಚೆಯಲ್ಲಿದ್ದ ಗಾಡಿ ಅಂಗಳದಲ್ಲಿ ನಿಂತು ತನ್ನ ಜಾತಕ ತಾನೇ ಕೇಳಿಸಿಕೊಳ್ಳುತ್ತಿತ್ತು. ಉದ್ದನೆಯ, ಹಿಂದೆ ಸಾಮಾನು ತುಂಬುವ ಹಳೇ ವ್ಯಾಗನ್. ಅದು ಕೈಸುವಿನ ಅಮ್ಮ ಐಲಿಯದು. ಐಲಿ ತೀರಿಕೊಂಡ ಮೇಲೆ ಮಗಳಿಗೆ ಬಂತು. ಕೈಸು ನರ್ಸು. ಹಳ್ಳಿಹಳ್ಳಿ ತಿರುಗಿ ಒಂಟಿ ಮುದುಕ ಮುದುಕಿಯರಿಗೆ ಮಾತ್ರೆ ಕೊಟ್ಟು, ಗಾಯ ತೊಳೆದು ಬರುವ ಕೆಲಸ. ಭಾನುವಾರ ಒಂದು ಬಿಟ್ಟರೆ ಗಾಡಿಗೆ ಬಿಡುವಿಲ್ಲ.

ಆದರೆ ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪು ಎಷ್ಟು ಚಳಿಗಾಲ ಗಾಡಿಯನ್ನು ತಿಂದಿತ್ತೋ, ಈ ಸಲ ಗಾಡಿಯ ನೆಲ ತೂತಾಗಿ ಕರಗಿದ ಹಿಮವೆಲ್ಲ ಕೈಸುವಿನ ಕಾಲುಚೀಲಕ್ಕೇ ಬಂದಿತ್ತು. ಆಗ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು: ವಸಂತದ ವಾಹನ ತಪಾಸಣೆಯಲ್ಲಿ ಪಾಸಾದರೆ ಗಾಡಿ ಉಳಿಯುತ್ತದೆ, ನಪಾಸಾದರೆ ಮಾರನೇ ದಿನವೇ ಗುಜರಿಗೆ. ಎರಡನೇ ಅವಕಾಶ ಇಲ್ಲ. ಹೀಗೆ ಹೇಳುವಾಗ ಅವಳು ಕಿಟಕಿಯ ಕಡೆ ತಿರುಗಿಕೊಂಡಿದ್ದಳು. ಗಂಡನಿಗೆ ಅಷ್ಟು ಸಾಕಾಯಿತು. ಆ ಗಾಡಿ ಹೋದರೆ ಕೈಸುವಿಗೆ ಅಮ್ಮ ಇನ್ನೊಂದು ಸಲ ಹೋದ ಹಾಗೆ ಎಂದು ತಿಳಿಯದಷ್ಟು ದಡ್ಡನಲ್ಲ ರೈಮೊ. ಉಳಿದ ವಿಷಯಗಳಲ್ಲಿ ಮಾತ್ರ ದಡ್ಡ.

ಕೆಲಸ ಹಂಚಿಕೆಯಾಯಿತು. ಅಡಿಭಾಗ ಕೈಸುವಿನದು, ಮೇಲ್ಭಾಗ ರೈಮೊನದು! ಏಕೆಂದರೆ ಊರಿನ ಸಂಜೆ ಶಾಲೆಯಲ್ಲಿ ಬೆಸುಗೆ ಹಾಕುವುದನ್ನು ಕಲಿತವಳು ಅವಳು. ಅದೇ ಶಾಲೆಗೆ ಹೋಗಿ ರೈಮೊ ಕಲಿತು ಬಂದದ್ದು ಬುಟ್ಟಿ ಹೆಣೆಯುವುದನ್ನು. ಸಂಜೆ ಕೆಲಸದಿಂದ ಬಂದವಳೇ ಕೈಸು ಚರ್ಮದ ಏಪ್ರನ್ನು ಕಟ್ಟಿ, ಮುಖವಾಡ ಹಾಕಿ ಗಾಡಿಯಡಿಗೆ ನುಗ್ಗಿದರೆ ಕಿಡಿ ಹಾರುವುದು ನೋಡಲೇ ಒಂದು ಹಬ್ಬ. ತುಕ್ಕು ಹಿಡಿದಷ್ಟನ್ನೂ ಕತ್ತರಿಸಿ, ಹಳೇ ಫ್ರಿಜ್ಜಿನ ಪಕ್ಕೆಯಿಂದ ತಗಡು ಕೂರಿಸಿ, ಅಂಚಿನುದ್ದಕ್ಕೂ ಇರುವೆ ಸಾಲಿನಂಥ ಬೆಸುಗೆ!

ರೈಮೊನೂ ಸುಮ್ಮನೆ ಕೂತವನಲ್ಲ, ಕೈ ಚುರುಕಿನವನೇ. ಗಾಡಿಯ ಒಳಚಾವಣಿಯ ಬಟ್ಟೆ ಜೋತು ಬಿದ್ದು ಕೈಸುವಿನ ಕೂದಲು ಕೆದರುತ್ತಿತ್ತು. ಅದನ್ನು ಕಿತ್ತು, ನೇರಳೆ ಹಣ್ಣಿನ ಚಿತ್ರವಿದ್ದ ಅಡುಗೆಮನೆಯ ಹಳೇ ಪರದೆಯನ್ನು ಬಿಗಿಯಾಗಿ ಹೊಡೆದ. ಈಗ ತಲೆ ಎತ್ತಿದರೆ ಆಕಾಶದ ತುಂಬ ನೇರಳೆ ಹಣ್ಣು! ಹರಿದ ಸೀಟಿಗೆ ಚಿಂದಿ ಕಂಬಳಿಯ ಹೊದಿಕೆ ಬಂತು. ಗೇರಿನ ಹಿಡಿಗೆ ಬರ್ಚ್ ಮರದ ಗಂಟನ್ನು ನುಣುಪಾಗಿ ಕೆತ್ತಿದ. ಎಲ್ಲಕ್ಕಿಂತ ದೊಡ್ಡ ಸಾಹಸ ಹೀಟರಿನದು. ಅದು ಅಷ್ಟು ವರ್ಷ ಡ್ರೈವರನ್ನು ಬಿಟ್ಟು ಪಕ್ಕದ ಖಾಲಿ ಸೀಟನ್ನೇ ಬೆಚ್ಚಗಿಡುತ್ತಿತ್ತು. ರೈಮೊ ಕೆಟ್ಟ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಒಳಗೊಳಗೇ ಸುತ್ತಿಸಿ ಬಿಸಿ ಗಾಳಿಯನ್ನು ನೇರ ಕೈಸುವಿನ ಪಾದಕ್ಕೆ ತಂದಿಳಿಸಿದ. ಮೊದಲ ದಿನ ಅದನ್ನು ಓಡಿಸಿ ಬಂದ ಕೈಸು ಅವನ ಕೆನ್ನೆಗೊಂದು ಮುತ್ತು ಕೊಟ್ಟು ಒಳಗೆ ಹೋದಳು.

ಆ ಮುತ್ತೇ ಎಡವಟ್ಟಿಗೆ ಕಾರಣವಾಯಿತು ನೋಡಿ! ರೈಮೊನ ತಲೆ ತಿರುಗಿತು.

ಐಲಿ ಇದ್ದಾಗ ಪ್ರತಿ ವಸಂತದಲ್ಲೂ ಗಾಡಿಯ ಚಕ್ರಗಳ ಮುಖ ಮುಚ್ಚುವ ನಾಲ್ಕು ವೀಲ್ ಕ್ಯಾಪ್‌ಗಳಿಗೆ ಮೊಟ್ಟೆಯ ಹಳದಿ ಬಣ್ಣ ಬಳಿಯುತ್ತಿದ್ದಳಂತೆ. ದೂರದಿಂದಲೇ ಜನ "ಐಲಿ ಬಂದ್ಲು" ಅನ್ನಬೇಕು, ಅಷ್ಟೇ ಉದ್ದೇಶ. ಈಗ ಅದೆಲ್ಲ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ರೈಮೊ ಮಾವನ ಮನೆಗೆ ಹೋಗಿ ವಿಷಯ ಹೇಳಿದ. ಮಾವ ತಾವೆತ್ತಿ ಅಸಲಿ ಸಾವೊ ಮನುಷ್ಯ. ನೇರ ಉತ್ತರ ಕೊಡುವುದನ್ನು ಅಲ್ಲಿ ಮರ್ಯಾದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ.

"ಮಾವ, ಆ ಬಣ್ಣ ಇನ್ನೂ ಇದೆಯಾ?"

"ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು," ಎನ್ನುತ್ತ ಮಾವ ಶೆಡ್ಡಿಗೆ ಹೋಗಿ, ಮೂಲೆಯಿಂದ ಒಂದು ಡಬ್ಬಿ ತಂದು ಅಳಿಯನ ಕೈಗಿಟ್ಟ. ಮುಚ್ಚಳದ ಮೇಲೆ ಐಲಿಯ ಹೆಬ್ಬೆರಳಿನ ಹಳದಿ ಗುರುತು ಹಾಗೇ ಇತ್ತು. ಮಾವ ಅದನ್ನೊಮ್ಮೆ ಸವರಿ, "ಶನಿವಾರ ಸೌನಾಗೆ ಬಂದರೂ ಬಂದೆ," ಎಂದ. ಬರುತ್ತೇನೆ ಎಂದು ಅರ್ಥ.

ಬಣ್ಣವೇನೋ ಬಳಿದಾಯಿತು. ಒಣಗಬೇಕಲ್ಲ! ಹೊರಗೆ ವಾರವಿಡೀ ಜಿಟಿಜಿಟಿ, ಶೆಡ್ಡಿನೊಳಗೆ ಉಸಿರು ಹೊಗೆಯಾಗುವ ಚಳಿ. ಡಬ್ಬಿಯೋ ಯಾವ ಕಾಲದ್ದೋ, ಬಣ್ಣ ಜೇನಿನಷ್ಟು ಗಟ್ಟಿ. ಸೋಮವಾರ ತಪಾಸಣೆ. ಶುಕ್ರವಾರ ಬೆರಳಿಟ್ಟರೆ ಬೆರಳೇ ಬರಲೊಲ್ಲದು!

ಸಂಕಟ ಬಂದಾಗ ಆ ನಾಡಿನ ಮನುಷ್ಯನಿಗೆ ನೆನಪಾಗುವುದು ಒಂದೇ ಜಾಗ: ಕಾದ ಕಲ್ಲಿಗೆ ನೀರೆರಚಿ, ಮೇಲೊಂದು ಕೆಳಗೊಂದು ಹಲಗೆಯಲ್ಲಿ ಕೂತು ಹಬೆಗೆ ಬೆವರುವ ಮರದ ಕೋಣೆ, ಸೌನಾ. ಅವನ ಅಜ್ಜಿ ಹುಟ್ಟಿದ್ದು ಸೌನಾದಲ್ಲಿ. ಮಾಂಸ ಒಣಗಿಸಿದ್ದು, ಕಾಳು ಒಣಗಿಸಿದ್ದು, ಶೀತಕ್ಕೆ ಮದ್ದು ಮಾಡಿದ್ದು ಎಲ್ಲ ಸೌನಾದಲ್ಲಿ. ಹಾಗಿರುವಾಗ ನಾಲ್ಕು ವೀಲ್ ಕ್ಯಾಪ್ ಯಾವ ಲೆಕ್ಕ?

ಕೈಸು ಕೆಲಸಕ್ಕೆ ಹೋದದ್ದೇ ತಡ, ರೈಮೊ ಅಂಗಳದಂಚಿನ ಸೌನಾದ ಒಲೆಗೆ ಕಟ್ಟಿಗೆ ಇಟ್ಟ. ಮೇಲಿನ ಹಲಗೆಯ ಮೇಲೆ ನಾಲ್ಕನ್ನೂ ಸಾಲಾಗಿ ಮಲಗಿಸಿ, ಅತಿಥಿಗಳಿಗೆ ಹೇಳುವಂತೆ "ಹಾಯಾಗಿ ಬೆವರಿ" ಎಂದು ಬಾಗಿಲು ಹಾಕಿ ಬಂದ.

ಅವು ನಿಜಕ್ಕೂ ಬೆವರಿದವು! ಸಂಜೆ ಎತ್ತಿ ನೋಡಿದರೆ ವೀಲ್ ಕ್ಯಾಪ್‌ಗಳು ಫಳಫಳ. ಕೆಳಗೆ ಮರದ ಹಲಗೆಯ ಮೇಲೆ, ಅಂಚಿನಿಂದ ಇಳಿದ ಬಣ್ಣದ ನಾಲ್ಕು ದಪ್ಪ ಹಳದಿ ಉಂಗುರಗಳೂ ಫಳಫಳ!

ಸೌನಾದ ಹಲಗೆಗೆ ಬಣ್ಣ ತಾಗಿಸುವುದೆಂದರೆ ದೇವರ ಮನೆಯಲ್ಲಿ ಚಪ್ಪಲಿ ಪಾಲಿಷ್ ಮಾಡಿದ ಹಾಗೆ. ರೈಮೊ ಉಜ್ಜಿದ, ಉಂಗುರ ಅಗಲವಾಯಿತು. ಕೆರೆದ, ಹಲಗೆ ಗಾಯವಾಯಿತು. ಆಗ ಹೊಳೆಯಿತು ಮಹಾ ಉಪಾಯ! ಸ್ಕ್ರೂ ಬಿಚ್ಚಿ ಹಲಗೆಗಳನ್ನೆಲ್ಲ ತಲೆಕೆಳಗು ಮಾಡಿ ಮತ್ತೆ ಕೂರಿಸಿದ. ಮೇಲೆ ಹಾಲಿನಂಥ ಮರ, ಪಾಪವೆಲ್ಲ ಕೆಳಗೆ. ಬಣ್ಣದ ವಾಸನೆ ಮುಚ್ಚಲು ಒಂದಿಷ್ಟು ಪೈನ್ ಮರದ ಟಾರೆಣ್ಣೆ ಚಿಮುಕಿಸಿದ.

ಶನಿವಾರ ಮೊದಲ ಸರದಿ ಕೈಸುವಿನದು. ಹದವಾದ ಬಿಸಿಯಲ್ಲಿ ಮೇಲಿನ ಹಲಗೆಯಲ್ಲಿ ಕೂತು ಬಂದಳು.

"ಏನೋ ವಾಸನೆ ಅಲ್ವಾ?"

"ಟಾರು! ಚರ್ಮಕ್ಕೆ ಒಳ್ಳೇದು."

"ನಿನಗೆ ನನ್ನ ಚರ್ಮದ ಯೋಚನೆ ಯಾವಾಗಿಂದ ಶುರುವಾಯ್ತೋ?"

ಅಷ್ಟರಲ್ಲಿ ಮಾವ ಬಂದ. ಜೊತೆಗೆ ಈ ಊರಿಗೆ ಹೊಸದಾಗಿ ಬಂದ, ಮೀನು ಹಿಡಿಯುವ ಗೆಳೆಯನನ್ನೂ ಕರೆತಂದಿದ್ದ. "ಇವನು ಓಸ್ಮೊ," ಎಂದ, ಅಷ್ಟೇ. ಓಸ್ಮೊ ತಲೆಯಾಡಿಸಿದ, ಅಷ್ಟೇ. ಬೋಳು ತಲೆಯ ಗಂಭೀರ ಆಸಾಮಿ. ಬಟ್ಟೆ ಬಿಚ್ಚಿ ಬೆವರಲು ಬಂದವನನ್ನು ಏನು ಕೆಲಸ ಮಾಡುತ್ತೀರಿ ಎಂದು ಕೇಳುವುದು ಅಲ್ಲಿ ಪದ್ಧತಿಯಲ್ಲ.

ವಯಸ್ಸಾದ ಮಾವ ಕೆಳಗಿನ ಹಲಗೆಯಲ್ಲಿ ಕೂತು, ತಲೆ ಮೇಲಿನ ಹಲಗೆಯಡಿ ಬರುವಂತೆ ಹಿಂದಕ್ಕೆ ಒರಗಿದ. ಅವನೊಬ್ಬನೇ ಆದಾನೆಂದು ಓಸ್ಮೊನೂ ಪಕ್ಕದಲ್ಲೇ ಒರಗಿದ. ಮೇಲೆ ಯಜಮಾನ ರೈಮೊ, ಕೈಯಲ್ಲಿ ಸೌಟು. ಅತಿಥಿಗಳ ಮುಂದೆ ತನ್ನ ಸೌನಾದ ಮಾನ ಉಳಿಯಬೇಕಲ್ಲ! ಕಾದ ಕಲ್ಲಿನ ಮೇಲೆ ನೀರು ಎರಚಿದ. ಭುಸ್ಸ್! ಹಬೆ ಚಾವಣಿಗೆ ಹತ್ತಿ ಇಳಿಯಿತು. ಇನ್ನೊಂದು ಸೌಟು. ಮತ್ತೊಂದು. ಕಿವಿ ಚುರುಗುಟ್ಟುವಷ್ಟಾಯಿತು.

ಆಗ ಹಲಗೆಯ ಕೆಳಗೆ ಅಡಗಿದ್ದ ಪಾಪ ಕರಗಿತು.

ಒಂದು ಬಿಸಿ ಹನಿ ತಾವೆತ್ತಿಯ ನೆತ್ತಿಗೆ ಬಿತ್ತು. ತಾವೆತ್ತಿ ಕಣ್ಣು ಮುಚ್ಚಿಕೊಂಡೇ ಇದ್ದ. ಒಂದು ಓಸ್ಮೊನ ಬೋಳು ತಲೆಗೆ ಬಿತ್ತು. ಓಸ್ಮೊನ ಹುಬ್ಬು ಮಾತ್ರ ಅಲ್ಲಾಡಿತು. ಸೌನಾದಲ್ಲಿ ಬಿಸಿ ಎಂದು ಮೊದಲು ಬಾಯಿಬಿಟ್ಟವನು ಸೋತ ಹಾಗೆ. ಬೇರೆ ಯಾವ ದೇಶದವನಾದರೂ ಕೂಗಿಕೊಂಡು ಓಡಿಹೋಗುತ್ತಿದ್ದ! ಇವರಿಬ್ಬರೂ ಕಲ್ಲಿನಂತೆ ಕೂತರು. ಟಪ್. ಟಪ್. ನೆತ್ತಿ, ಕತ್ತು, ಬೆನ್ನು.

"ಹಬೆ ಹೇಗಿದೆ ಮಾವ?" ಮೇಲಿನಿಂದ ರೈಮೊ.

"ಹಬೆ ಅಂದರೂ ಅನ್ನಬಹುದು," ಎಂದ ಮಾವ.

ಇದನ್ನು ಹೊಗಳಿಕೆ ಎಂದುಕೊಂಡು ರೈಮೊ ಇನ್ನೂ ಎರಡು ಸೌಟು ಎರಚಿದ! ಕಡೆಗೆ ಮೂವರೂ ಎದ್ದು ನೇರ ಕೆರೆಗೆ ಹಾರಿದರು. ಮುಂದೆ ರೈಮೊ, ಹಿಂದೆ ಅವರಿಬ್ಬರು. ಮಂಜು ಕರಗಿದ ನೀರು ತಾಗಿದ್ದೇ, ಮೈಮೇಲಿನ ಬಣ್ಣ ಬಿಗಿದು ಗಟ್ಟಿಯಾಯಿತು.

ಜಗುಲಿಯಲ್ಲಿ ಟವೆಲ್ ಸುತ್ತಿಕೊಂಡು ಕೂತಿದ್ದವರ ಮುಂದೆ ಕೈಸು ಬಿಸಿ ಸಾಸೇಜು, ಹಳದಿ ಸಾಸಿವೆ ಗೊಜ್ಜು ತಂದಿಟ್ಟಳು. ಇಟ್ಟವಳು ನಿಂತಳು.

"ಅಪ್ಪಾ, ನಾನಿನ್ನೂ ಸಾಸಿವೆ ಬಡಿಸೇ ಇಲ್ಲ. ನಿನ್ನ ತಲೆ ಮೇಲೆ ಹೇಗೆ ಬಂತು?"

ತಾವೆತ್ತಿ ನೆತ್ತಿ ಮುಟ್ಟಿಕೊಂಡ. ಓಸ್ಮೊ ಕತ್ತು ಮುಟ್ಟಿಕೊಂಡ. ರೈಮೊ ಸಾಸೇಜನ್ನು ಅಗಿಯದೆ ನುಂಗಿದ.

"ರೈಮೊ!"

"ಟಾರು..." ಎಂದ ರೈಮೊ, ಸಣ್ಣ ದನಿಯಲ್ಲಿ.

"ಹಳದಿ ಟಾರಾ?!"

ಎಲ್ಲ ಹೊರಗೆ ಬಂತು. ಆಮೇಲೆ ನಡೆದದ್ದು ಮಹಾಯುದ್ಧ. ಕೈಸು ನರ್ಸಿನ ಕೈಯಲ್ಲಿ ಇಬ್ಬರಿಗೂ ಸೋಪು ಹಾಕಿ ತಿಕ್ಕಿದಳು, ಎಣ್ಣೆ ಹಾಕಿ ತಿಕ್ಕಿದಳು, ಕೊನೆಗೆ ಬೆಣ್ಣೆ. "ಬಣ್ಣ ಹೋಗುತ್ತೋ ಇಲ್ವೋ, ಇನ್ನು ಸ್ವಲ್ಪ ಹೊತ್ತಿಗೆ ನನ್ನನ್ನ ಬ್ರೆಡ್ಡಿಗೆ ಹಚ್ಚಬಹುದು," ಎಂದ ತಾವೆತ್ತಿ. ಕನ್ನಡಿಯಲ್ಲಿ ನೆತ್ತಿ ನೋಡಿಕೊಂಡವನು ಹಳದಿ ಚುಕ್ಕೆಯನ್ನು ಬೆರಳಿನಿಂದ ಸವರಿದ. "ಐಲಿ ಇದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು," ಎಂದ. ಕೈಸುವಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಓಸ್ಮೊ ಮಾತ್ರ ಅಂಗಿಯ ಕಾಲರು ಎತ್ತಿಕೊಂಡು, "ಥ್ಯಾಂಕ್ಸ್. ಹಬೆ ಚೆನ್ನಾಗಿತ್ತು," ಎಂದು ನಡೆದೇ ಹೋದ.

ಸೋಮವಾರ ಬೆಳಿಗ್ಗೆ ಮಳೆ ಸುರಿಯುತ್ತಿತ್ತು. ಕೈಸು ಒಂದು ಗಂಟೆ ರಜೆ ಹಾಕಿ, ಹಳದಿ ವೀಲ್ ಕ್ಯಾಪ್ ತೊಟ್ಟ ಗಾಡಿ ಓಡಿಸಿದಳು, ಪಕ್ಕದಲ್ಲಿ ರೈಮೊ. ದಾರಿಯುದ್ದಕ್ಕೂ ಅವಳು ಸ್ಟೀರಿಂಗನ್ನು ಮಗುವಿನ ಬೆನ್ನಿನಂತೆ ಸವರುತ್ತಿದ್ದುದನ್ನು ಅವನು ನೋಡಿಯೂ ನೋಡದಂತಿದ್ದ. ತಪಾಸಣೆ ಕೇಂದ್ರದ ದೊಡ್ಡ ಬಾಗಿಲು ಮೇಲೆದ್ದಿತು. ನೀಲಿ ಮೇಲಂಗಿ, ಕಿವಿವರೆಗೆ ಎಳೆದ ಟೋಪಿ, ಎತ್ತಿ ಕಟ್ಟಿದ ಕಾಲರು. ಅಧಿಕಾರಿ ಎದುರಿಗೆ ಬಂದ.

ಓಸ್ಮೊ!

"ಗಾಡಿ ತಿರುಗಿಸು," ರೈಮೊ ಪಿಸುಗುಟ್ಟಿದ. "ಬೇರೆ ಊರಿಗೆ ಹೋಗೋಣ. ಬೇರೆ ದೇಶಕ್ಕೇ ಹೋಗೋಣ!"

"ಸುಮ್ನೆ ಕೂತ್ಕೋ. ನನ್ನ ಬೆಸುಗೆ ಮೇಲೆ ನನಗೆ ನಂಬಿಕೆ ಇದೆ."

"ಬೆಸುಗೆ ಸರಿ, ಆದ್ರೆ ಅವನ ಬೆನ್ನು?!"

ಓಸ್ಮೊ ಅವರನ್ನು ಜನ್ಮದಲ್ಲಿ ನೋಡದವನಂತೆ, "ಕೆಳಗಿಳೀರಿ," ಎಂದ. ಬ್ರೇಕು ಒತ್ತಿದ. ದೀಪ ಹಚ್ಚಿದ. ಹೊಗೆ ಅಳೆದ. ನೇರಳೆ ಹಣ್ಣಿನ ಚಾವಣಿಯನ್ನು ಬಹಳ ಹೊತ್ತು ನೋಡಿದ. ಗಾಡಿಯನ್ನು ಮೇಲೆತ್ತಿ, ಅಡಿಗೆ ಹೋಗಿ, ಸುತ್ತಿಗೆಯಿಂದ ಒಂದೊಂದು ಬೆಸುಗೆಗೂ ತಟ್ಟಿದ. ಠಣ್. ಠಣ್. ಪ್ರತಿ ಪೆಟ್ಟಿಗೂ ಕೈಸು ರೈಮೊನ ತೋಳನ್ನು ಹಿಂಡಿದಳು. ಯಾವನೋ ತನ್ನನ್ನೇ ತಟ್ಟುತ್ತಿದ್ದಾನೆ ಎನಿಸಿತು ರೈಮೊನಿಗೆ. ತನ್ನ ಬಡಾಯಿಯಿಂದ ಹೆಂಡತಿಯ ಅಮ್ಮನ ಗಾಡಿ ಗುಜರಿಗೆ ಹೋಗುತ್ತದಲ್ಲ ಎಂದು ಅವನು ಮನಸ್ಸಲ್ಲೇ ತನ್ನನ್ನು ಬೈದುಕೊಂಡ.

ಓಸ್ಮೊ ಹೊರಬಂದು ಕೈ ಒರೆಸಿಕೊಂಡ.

"ಬೆಸುಗೆ ಹಾಕಿದ್ದು ಯಾರು?"

"ನಾನು," ಎಂದಳು ಕೈಸು.

"ಇಂಥ ಕೆಲಸ ನೋಡಿ ವರ್ಷಗಳಾದವು. ಗಾಡಿ ಪಾಸು."

ಕೈಸು ಅಲ್ಲೇ ಗಾಡಿಯ ಮೂತಿಗೆ ಕೆನ್ನೆಯಿಟ್ಟು ಅತ್ತುಬಿಟ್ಟಳು. ಅಷ್ಟಾದ ಮೇಲೆ ರೈಮೊ ಬಾಯಿ ಮುಚ್ಚಿಕೊಂಡು ಬರಬಹುದಿತ್ತು. ಬರಲಿಲ್ಲ! ಎದೆ ಉಬ್ಬಿಸಿ, "ಮತ್ತೆ, ಬಣ್ಣದ ಕೆಲಸ ನಂದು. ಹೇಗಿದೆ?" ಎಂದೇ ಬಿಟ್ಟ.

ಓಸ್ಮೊ ಚಕ್ರದತ್ತ ಬೆರಳು ತೋರಿಸಿದ. ದಾರಿಯ ಮಳೆಗೆ ಬಣ್ಣವೆಲ್ಲ ಸುಲಿದು, ವೀಲ್ ಕ್ಯಾಪ್‌ಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. ಆಮೇಲೆ ಅವನು ನಿಧಾನವಾಗಿ ಟೋಪಿ ತೆಗೆದ. ಬೋಳು ತಲೆಯ ತುಂಬ ಹಳದಿ ಚುಕ್ಕೆ, ಒಂದೂ ಅಲುಗಿರಲಿಲ್ಲ.

"ಎರಡು ದಿನದಿಂದ ತಿಕ್ತಾ ಇದೀನಿ," ಎಂದ. "ಬಣ್ಣ ಗಟ್ಟಿ ಹಿಡಿಯೋದು ನಾವು ಕೂತ ಜಾಗದಲ್ಲಿ. ಮುಂದಿನ ಸಲ ವೀಲ್ ಕ್ಯಾಪ್‌ಗಳನ್ನ ಕೆಳಗಿನ ಹಲಗೆ ಮೇಲೆ ಕೂರಿಸಿ."