ಹೆಂಡತಿಯ ಕಂಪ್ಯೂಟರಿನಲ್ಲಿ ಪ್ಯಾಕೇಜ್ ಪರೀಕ್ಷೆ

ಈ ಶುಕ್ರವಾರ ಸಂಜೆಯೊಳಗೆ ಸಾಕಿಯಾದ ಪ್ಯಾಕೇಜ್ ಕಟ್ಟಿ ಮುಗಿಸಿ, ನಮ್ಮ ಸ್ಫಾಕ್ಸ್ ಊರಿನ ಹೆಸರನ್ನು ಲಿನಕ್ಸ್ ಲೋಕದಲ್ಲಿ ಅಜರಾಮರಗೊಳಿಸುತ್ತೇನೆ ಎಂದು ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಘೋಷಿಸಿದೆ. ಹೆಂಡತಿ ಎಮ್ನಾ ಬ್ರೆಡ್ಡಿಗೆ ಹರೀಸಾ ಎಂಬ ಕೆಂಪು ಖಾರ ಸವರುತ್ತಾ, ಅಜರಾಮರನಾಗುವ ಮೊದಲು ಅಡುಗೆಮನೆಯ ನಲ್ಲಿಯನ್ನು ರಿಪೇರಿ ಮಾಡಿಬಿಡು ಎಂದಳು.

ಸಾಕಿಯಾ ಎಂದರೆ ನಮ್ಮಲ್ಲಿ ತೋಟಕ್ಕೆ ನೀರು ಹಾಯಿಸುವ ಕಾಲುವೆ. ಅದೇ ಹೆಸರಿನ ಈ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಒರಗಿಕೊಳ್ಳುವ ಕೋಡಿನ ಕಂತೆ, ಕಂಪ್ಯೂಟರುಗಳ ನಡುವೆ ಮಾಹಿತಿ ಹಾಯಿಸುತ್ತದೆ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದನ್ನು ಲಿನಕ್ಸ್ ಬಳಸುವವರೆಲ್ಲ ಸುಲಭವಾಗಿ ಹಾಕಿಕೊಳ್ಳುವಂತೆ ಗಂಟು ಕಟ್ಟಿ, ಮೇಲೊಂದು ಚೀಟಿ ಅಂಟಿಸಬೇಕು: ಇದಕ್ಕೆ ಏನೇನು ಬೇಕು, ಇದು ಯಾವುದರ ಜೊತೆ ಹೊಂದುವುದಿಲ್ಲ, ಯಾವುದರ ಜಾಗಕ್ಕೆ ಬರುತ್ತದೆ. ಈ ಕೆಲಸಕ್ಕೆ ಸಂಬಳವಿಲ್ಲ; ಆದ್ದರಿಂದಲೇ ಮಾಡುವವರಿಗೆ ಜಂಬ ಜಾಸ್ತಿ. ನನ್ನ ಗಂಟನ್ನು ಬಿಚ್ಚಿ ನೋಡಿ ಒಪ್ಪಬೇಕಾದವಳು ಒರಾನ್ ಊರಿನ ವಿದಾದ್. ಅವಳನ್ನು ನಾನು ಕಣ್ಣಾರೆ ಕಂಡಿಲ್ಲ, ಬೈಗುಳ ಮಾತ್ರ ಬಲ್ಲೆ. ಯಾರೂ ಕೈಯಾಡಿಸದ ಕಂಪ್ಯೂಟರಿನಲ್ಲಿ ಹಾಕಿ ನೋಡದ ಹೊರತು ನನಗೆ ಕಳಿಸಬೇಡ ಎಂದು ತಾಕೀತು ಮಾಡಿದ್ದಳು.

ನನ್ನ ಕಂಪ್ಯೂಟರಿನಲ್ಲಿ ನಾನು ಕೈಯಾಡಿಸದ ಜಾಗವೇ ಇಲ್ಲ. ಇಂಥ ಪರೀಕ್ಷೆಗೆಂದೇ ಬೇರೆ ಉಪಾಯಗಳೂ ಇವೆ. ಆದರೆ ಅವಕ್ಕೆಲ್ಲ ತಾಳ್ಮೆ ಬೇಕು. ಪಕ್ಕದ ಮೇಜಿನ ಮೇಲೆ ಎಮ್ನಾಳ ಕಂಪ್ಯೂಟರ್ ಆಗಷ್ಟೇ ಸ್ನಾನ ಮಾಡಿಸಿದ ಮಗುವಿನಂತೆ ಶುಭ್ರವಾಗಿ ಕೂತಿತ್ತು.

ಎಮ್ನಾ ಸಮುದ್ರಜೀವಿಗಳ ಸಂಶೋಧಕಿ. ಕೆರ್ಕೆನ್ನಾ ದ್ವೀಪದ ಆಕ್ಟೋಪಸ್‌ಗಳು ಏಕೆ ಕಡಿಮೆಯಾಗುತ್ತಿವೆ ಎಂದು ತಿಳಿಯಲು ಅನುದಾನ ಕೇಳಿ ಬಹಳ ಕಾಲದಿಂದ ಅಲೆಯುತ್ತಿದ್ದಳು. ಅಂದು ಮೂರು ಗಂಟೆಗೆ ಟ್ಯೂನಿಸ್‌ನ ಸಮಿತಿ ಅವಳನ್ನು ವಿಡಿಯೋದಲ್ಲಿ ಸಂದರ್ಶಿಸುವುದಿತ್ತು. ಅವಳು ಒಳಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಇನ್ನೂ ಒಂದು ಗಂಟೆಯಿದೆ, ನನಗೆ ಐದು ನಿಮಿಷ ಸಾಕು ಎಂದುಕೊಂಡೆ.

ಪ್ಯಾಕೇಜ್ ಹಾಕಿದೆ. ಕಂಪ್ಯೂಟರ್ ತಡವರಿಸಿತು. ಇದನ್ನು ಹಾಕಬೇಕಾದರೆ ಇಂತಿಂಥವುಗಳನ್ನು ತೆಗೆಯಬೇಕಾಗುತ್ತದೆ ಎಂದು ಉದ್ದನೆಯ ಪಟ್ಟಿ ತೋರಿಸಿ, ಒಪ್ಪಿಗೆಯಿದ್ದರೆ 'ಹೌದು, ನಾನು ಹೇಳಿದಂತೆ ಮಾಡು' ಎಂದು ಪೂರ್ತಿ ಬರೆಯಬೇಕೆಂದಿತು. ಮದುವೆಯಾದ ಮೇಲೆ ಈ ಮನೆಯಲ್ಲಿ ಆ ಮಾತು ಹೇಳಲು ನನಗೆ ಸಿಕ್ಕ ಮೊದಲ ಅವಕಾಶ ಅದು. ಪಟ್ಟಿ ಓದುತ್ತಾ ಕೂರುತ್ತೇನೆಯೇ? ಎದೆಯುಬ್ಬಿಸಿ ಬರೆದೆ.

ಕಂಪ್ಯೂಟರ್ ನಾನು ಹೇಳಿದಂತೆಯೇ ಮಾಡಿತು. ಚಿತ್ರಗಳು ಹೋದವು, ಕಿಟಕಿಗಳು ಹೋದವು, ನೆಟ್ ಹೋಯಿತು. ಕಪ್ಪು ಪರದೆಯ ಮೇಲೆ ಬಿಳಿಯ ಒಂದು ಗೆರೆ ಮಾತ್ರ ಕಣ್ಣು ಮಿಟುಕಿಸುತ್ತಿತ್ತು. ಹೋದದ್ದನ್ನೆಲ್ಲ ವಾಪಸ್ ತರಿಸಬೇಕೆಂದರೆ ನೆಟ್ ಬೇಕು. ನೆಟ್ ಬರಬೇಕೆಂದರೆ ಹೋದದ್ದೆಲ್ಲ ವಾಪಸ್ ಬರಬೇಕು. ನೆಟ್ ಇಲ್ಲದೆ ಬದುಕು ನೆಟ್ಟಗಾಗುವುದಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

ಎಮ್ನಾ ಇಸ್ತ್ರಿ ಮುಗಿಸಿ ಬಂದಳು.

"ನನ್ ಕಂಪ್ಯೂಟರ್ ಯಾಕೆ ಕಪ್ಪಗಿದೆ?"

"ವಿಶ್ರಾಂತಿ ತಗೋತಿದೆ."

"ಎಬ್ಬಿಸು."

"ಎಬ್ಬಿಸ್ತಿದ್ದೀನಿ."

ಅವಳು ನನ್ನ ಮುಖ ನೋಡಿದಳು, ಗೋಡೆಯ ಗಡಿಯಾರ ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಫೋನಿನಲ್ಲಿ ವಿದಾದ್‌ಗೆ ನಡೆದದ್ದನ್ನು ಬರೆದೆ. ಚೀಟಿ ಕಳಿಸು ಎಂದಳು, ಕಳಿಸಿದೆ. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಹಳೆಯ ಲೈಬ್ರರಿಯ ಪಕ್ಕದಲ್ಲಿ ಇರುತ್ತೇನೆ ಎಂದು ಬರೆಯಬೇಕಾದಲ್ಲಿ ಅದನ್ನು ಹೊರಗೆ ಹಾಕಿ ಬರುತ್ತೇನೆ ಎಂದು ಬರೆದಿದ್ದೆನಂತೆ. ಅದಕ್ಕೆ ಒರಗಿಕೊಂಡಿದ್ದ ಅರ್ಧ ಕಂಪ್ಯೂಟರ್ ಅದರ ಹಿಂದೆಯೇ ಹೊರಟುಹೋಗಿತ್ತು. ಬೈಯುವುದನ್ನು ಆಮೇಲೆ ಬೈಯುತ್ತೇನೆ, ಮೊದಲು ನಿನ್ನ ಕಂಪ್ಯೂಟರಿನಲ್ಲಿ ಹಳೆಯದನ್ನೆಲ್ಲ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಸಾಗಿಸು ಎಂದಳು.

ಪೆನ್ ಡ್ರೈವ್ ಎಲ್ಲಿ? ನನ್ನವೆಲ್ಲ ಯಾರು ಯಾರದೋ ಜೇಬಿನಲ್ಲಿದ್ದವು. ಆಗ ಕೆಳಗಿನ ಮನೆಯಲ್ಲಿರುವ ಎಮ್ನಾಳ ಅಮ್ಮ, ಬಹೀಜಾ ಅತ್ತೆಯ ನೆನಪಾಯಿತು. ಅವರ ಟಿವಿಯ ಬೆನ್ನಿಗೆ ಸದಾ ಒಂದು ಚುಚ್ಚಿರುತ್ತದೆ. ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಅತ್ತೆ ಊಟದ ಮೇಲೆ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದರು. ಕಿತ್ತುಕೊಂಡು ಬಂದೆ. ಅದಕ್ಕೆ ಟಿವಿಯ ಭಾಷೆಯಲ್ಲದೆ ಬೇರೆ ಭಾಷೆ ಬಾರದು. ಪೂರ್ತಿ ಅಳಿಸಿದ ಮೇಲೆಯೇ ನನ್ನ ಮಾತು ಕೇಳಿತು.

ಬೆವರು ಒರೆಸಿಕೊಳ್ಳುತ್ತಾ ಒಂದೊಂದಾಗಿ ಹಾಕಿದೆ. ನೆಟ್ ಬಂತು, ಕಿಟಕಿಗಳು ಬಂದವು, ಕೊನೆಗೆ ಎಮ್ನಾಳ ನೀಲಿ ಸಮುದ್ರದ ಚಿತ್ರವೂ ಬಂತು. ಆಗ ಮೂರೂಕಾಲು ದಾಟಿತ್ತು. ಕಂಪ್ಯೂಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲಿನತ್ತ ಓಡಿದೆ. ಒಳಗೆ ಅವಳ ದನಿ ಕೇಳಿಸುತ್ತಿತ್ತು. ಅಳುತ್ತಿದ್ದಾಳೆಂದು ಬಾಗಿಲಿಗೆ ಕಿವಿಗೊಟ್ಟೆ. ಆಮೇಲೆ ನಾಲ್ಕಾರು ಜನ ಒಟ್ಟಿಗೆ ನಕ್ಕಿದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಎಮ್ನಾ ಬಾಗಿಲು ತೆಗೆದಳು. ಒಳಗೆ ಇಸ್ತ್ರಿ ಹಲಗೆಯ ಮೇಲೆ ಇಸ್ತ್ರಿ ಪೆಟ್ಟಿಗೆಗೆ ಒರಗಿಸಿಟ್ಟ ಅವಳ ಫೋನು ಕಂಡಿತು.

"ಫೋನಲ್ಲಿ ನನ್ ಚಿತ್ರಗಳಿರ್ಲಿಲ್ಲ. ಬೆರಳಲ್ಲೇ ಆಕ್ಟೋಪಸ್ ಮಾಡಿ, ಮೀನುಗಾರರು ಬಿಡೋ ಮಡಕೆಯೊಳಗೆ ಹೆಂಗೆ ನುಗ್ಗುತ್ತೆ ಅಂತ ತೋರಿಸ್ದೆ. ಅನುದಾನ ಕೊಡ್ತೀವಿ ಅಂದ್ರು."

ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿಯೇ ನೆಲದ ಮೇಲೆ ಕುಸಿದೆ. ಎದೆಯ ಮೇಲಿನ ಆಲಿವ್ ಗಾಣದ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು.

"ಫೋನಲ್ಲೇ ಆಗುತ್ತೆ ಅಂತ ನಂಗೆ ಹೇಳಬಾರ್ದಿತ್ತಾ?"

"ಹೇಳಿದ್ರೆ ನೀನು ಸಹಾಯ ಮಾಡೋಕೆ ಬರ್ತಿದ್ದೆ" ಎಂದಳು. ಆಮೇಲೆ ಪಕ್ಕದಲ್ಲಿ ಕೂತು ನನ್ನ ಹಣೆಯ ಬೆವರನ್ನು ಅದೇ ಇಸ್ತ್ರಿ ಮಾಡಿದ ಅಂಗಿಯ ತೋಳಿನಿಂದ ಒರೆಸಿದಳು. ಅಷ್ಟರಲ್ಲಿ ವಿದಾದಳ ಸಂದೇಶವೂ ಬಂತು: ಆ ಒಂದು ಪದ ತಿದ್ದಿದರೆ ಪ್ಯಾಕೇಜನ್ನು ಒಪ್ಪಿಕೊಳ್ಳುತ್ತಾಳಂತೆ. ಎಲ್ಲ ಕಡೆಯಿಂದಲೂ ಪಾರಾದೆ ಎಂದು ಜೋರಾಗಿ ನಗುತ್ತಿದ್ದೆ.

ಅತ್ತೆ ಟಿವಿಯ ರಿಮೋಟ್ ಹಿಡಿದು ಮೇಲೆ ಬಂದರು.

ನನ್ನ ನಗು ನಿಂತಿತು. ಎದ್ದು ನಿಂತು, ಅಳಿಸಿದ್ದು ನಾನೇ ಎಂದೆ. ಅದರಲ್ಲಿ ಅವರು ಇನ್ನೂ ನೋಡಿರದ, ಅವರ ಧಾರಾವಾಹಿಯ ಕೊನೆಯ ಕಂತುಗಳಿದ್ದವಂತೆ. ಬೈಯುತ್ತಾರೆಂದು ತಲೆ ತಗ್ಗಿಸಿದರೆ, ಅವರು ಶಾಂತವಾಗಿ ಕುರ್ಚಿ ಎಳೆದುಕೊಂಡು ಕೂತರು.

"ಹೋಗ್ಲಿ ಬಿಡು ಮಗಾ. ದಿನಾ ರಾತ್ರಿ ಊಟಕ್ಕೆ ಬಂದಾಗ ನನ್ ಜೊತೆ ಕೂತು ನೀನೂ ನೋಡ್ತಿದ್ಯಲ್ಲ, ನೀನೇ ಊಹಿಸಿ ಹೇಳು. ಕಡೆಗೆ ಸಲ್ವಾ ಯಾರನ್ನ ಮದ್ವೆ ಆಗ್ತಾಳೆ?"

ಕೂತಿದ್ದು ನಿಜ. ಕಣ್ಣು ಮಾತ್ರ ನನ್ನ ಫೋನಿನ ಮೇಲಿರುತ್ತಿತ್ತು. ಎಮ್ನಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಆ ಡಾಕ್ಟರನ್ನೇ, ಅತ್ತೆ" ಎಂದೆ ಧೈರ್ಯವಾಗಿ. "ಬಹಳ ಒಳ್ಳೇ ಜೋಡಿ."

ಅತ್ತೆ ರಿಮೋಟನ್ನು ಮಡಿಲಲ್ಲಿಟ್ಟುಕೊಂಡರು.

"ಡಾಕ್ಟರ್ ಅವಳ ಅಣ್ಣ, ಮಗಾ."